ಅಪ್ಪನ ಜೊತೆ ಗಾಳ ಹಾಕೋಕೆ, ದೋಣಿ ಓಡಿಸೋಕೆ ಎಲ್ಲಿಗೆ ಹೋಗ್ಬೋದು? ಪರ್ಮಿಶನ್ ಯಾರ ಹತ್ರ ಕೇಳ್ಬೇಕು?

ಮಳವಳ್ಳಿ_ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಗೊತ್ತಿರೋರು ಹೇಳಿ.

ನಮ್ಮಪ್ಪಂಗೆ ಈಗ 67. ಹುಟ್ಟಿ ಬೆಳೆದಿದ್ದು ಮಳವಳ್ಳಿ ಕಡೆ ಹಳ್ಳೀಲಿ, ಚಿಕ್ಕೋರಿದ್ದಾಗ ಸ್ಕೂಲು ಬಿಟ್ಟ ತಕ್ಷಣ ಬಿದಿರು ಕಡ್ಡಿಗೆ ದಾರ ಕಟ್ಕೊಂಡು ಕೆರೆ ಏರಿ ಮೇಲೆ ಕೂತ್ಕೊಳ್ಳೋರಂತೆ, ಬೆಂಡಿಗೆ ನವಿಲುಗರಿ ದಂಟು, ಎರೆಗೆ ಅಮ್ಮನ ಕಣ್ಣು ತಪ್ಪಿಸಿ ತಂದ ರಾಗಿ ಮುದ್ದೆ. ಆಮೇಲೆ ಬೆಂಗಳೂರು, ಕೆಲಸ, ಮನೆ, ನಮ್ಮ ಓದು ಅಂತ ನಲವತ್ತು ವರ್ಷ ಗಾಳ ಮುಟ್ಟೇ ಇಲ್ಲ. ರಿಟೈರ್ ಆದ್ಮೇಲೆ ಮನೇಲಿ ಟೀವಿ ಮುಂದೆ ಕೂತ್ಕೊಂಡು ಮಂಕಾಗ್ತಿದಾರೆ ಅನ್ಸಿ ನಾನು ಒಂದು ಒಳ್ಳೆ ರಾಡು, ರೀಲು ತಂದ್ಕೊಟ್ಟೆ, ಜೊತೆಗೆ ಇಬ್ಬರು ಕೂರೋ ಗಾಳಿ ತುಂಬೋ ಕಯಾಕ್ ಒಂದು ಆನ್‌ಲೈನಲ್ಲಿ ತರಿಸ್ದೆ. ಬಾಕ್ಸ್ ಬಿಚ್ಚಿದ ದಿನ ಅವರು ಆ ರೀಲನ್ನ ಕೈಲಿಟ್ಕೊಂಡು ಊಟದವರೆಗೂ ತಿರುಗಿಸ್ತಾನೇ ಇದ್ರು.

ಹೋದ ಭಾನುವಾರ ಬೆಳಿಗ್ಗೆ ಮೈಸೂರು ರೋಡ್ ಕಡೆ ಒಂದು ದೊಡ್ಡ ಕೆರೆಗೆ ಹೋದ್ವಿ. ಕಯಾಕ್ ಇಳಿಸಿರ್ಲಿಲ್ಲ, ದಡದಲ್ಲೇ ಕೂತು ಗಾಳ ಹಾಕಿದ್ವಿ ಅಷ್ಟೆ. ಅರ್ಧ ಗಂಟೇಲಿ ಇಬ್ಬರು ಬೈಕಲ್ಲಿ ಬಂದು "ಯಾರ್ರೀ ನೀವು, ಯಾರನ್ನ ಕೇಳಿ ಹಾಕಿದೀರ, ಇದು ಪಾಶುವಾರು ಹಿಡಿದಿರೋ ಕೆರೆ" ಅಂತ ಜೋರು ಮಾಡಿದ್ರು. ನಾನು ವಾದ ಮಾಡೋಕೆ ಹೋದೆ, ಅಪ್ಪ ಬೇಡ ಅಂತ ಕೈ ಸನ್ನೆ ಮಾಡಿ ಸುಮ್ನೆ ದಾರ ಸುತ್ಕೊಂಡ್ರು. ವಾಪಸ್ ಬರೋವಾಗ ಬಿಡದಿ ದಾಟೋವರೆಗೂ ಒಂದು ಮಾತಾಡ್ಲಿಲ್ಲ. ಅದು ನಂಗೆ ಇನ್ನೂ ಹೊಟ್ಟೇಲಿ ಚುಚ್ತಾ ಇದೆ.

ಹಾಗಾಗಿ ಕೇಳ್ತಿದೀನಿ. ಕೆರೇಲಿ ಗಾಳ ಹಾಕೋಕೆ ಯಾರ ಅನುಮತಿ ಬೇಕು? ಕಾವೇರೀಲಿ ಹಾಕ್ಬೋದಾ, ಭೀಮೇಶ್ವರಿ ಕಡೆ ಮೊದ್ಲೆಲ್ಲ ದೊಡ್ಡ ದೊಡ್ಡ ಮೀನು ಹಿಡಿತಿದ್ರಂತಲ್ಲ? ಈ ಕಯಾಕ್ ಎಲ್ಲಿ ಇಳಿಸಿದ್ರೆ ತೊಂದರೆ ಇಲ್ಲ, ನನ್ನ ಮಗನೂ (9 ವರ್ಷ) ಬರ್ತೀನಿ ಅಂತಿದಾನೆ, ಅಪ್ಪಂಗೆ ಈಜು ಬರುತ್ತೆ, ನಂಗೆ ಅಷ್ಟಕ್ಕಷ್ಟೆ.

ಕೆರೆ_ಕೋಡಿ (ಮದ್ದೂರು)

ಅಣ್ಣ, ಮೊದ್ಲು ನಿಮ್ ತಂದೇವ್ರಿಗೆ ಬೇಜಾರಾಗಿದ್ದು ಓದಿ ನಂಗೂ ಒಂಥರಾ ಆಯ್ತು. ಆದ್ರೆ ಆ ಬೈಕಲ್ಲಿ ಬಂದೋರ ಜಾಗದಲ್ಲಿ ನಾನೂ ನಿಂತಿವ್ನಿ, ಅದ್ಕೆ ಅವರ ಕಡೆ ಮಾತೂ ಹೇಳ್ಬುಡ್ತೀನಿ. ನಮ್ಮನೇಲಿ ನಮ್ ತಾತನ ಕಾಲದಿಂದ್ಲೂ ಮೀನುಗಾರರ ಸಹಕಾರ ಸಂಘದ ಮೆಂಬರ್ರು. ಕೆರೆ ಅಂದ್ರೆ ನೀರು ಊರೋರ್ದು, ದನ ಕುಡೀಲಿ, ಬಟ್ಟೆ ಒಗೀಲಿ, ಗದ್ದೆಗೆ ಹೋಗ್ಲಿ, ಯಾರೂ ಬ್ಯಾಡ ಅನ್ನಲ್ಲ. ಮೀನು ಮಾತ್ರ ಪಾಶುವಾರು, ಅಂದ್ರೆ ಮೀನು ಹಿಡಿಯೋ ಹಕ್ಕು, ಯಾರು ತಗಂಡವ್ರೋ ಅವರ್ದು. ನಲವತ್ತು ಹೆಕ್ಟೇರ್ ಮೇಲಿರೋ ದೊಡ್ಡ ಕೆರೆ ಮೀನುಗಾರಿಕೆ ಇಲಾಖೆದು, ಅದುಕ್ಕಿಂತ ಚಿಕ್ಕದಾದ್ರೆ ಗ್ರಾಮ ಪಂಚಾಯ್ತಿದು, ಅವರು ಗುತ್ತಿಗೆಗೋ ಹರಾಜಿಗೋ ಕೊಡ್ತಾರೆ, ಸಂಘ ದುಡ್ಡು ಕಟ್ಟಿ ತಗತದೆ.

ದುಡ್ಡು ಕಟ್ಟಿದ್ ಮೇಲೆ ಮಳೆ ಬಂದು ಕೆರೆ ತುಂಬ್ಬೇಕು, ಆಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬುಡ್ಬೇಕು. ಒಂದ್ ವರ್ಷ ಕೋಡಿ ಬಿದ್ದು ಮರಿ ಎಲ್ಲಾ ಹೊಳೆಗೆ ಹೊಂಟೋಯ್ತವೆ, ಇನ್ನೊಂದ್ ವರ್ಷ ನೀರೇ ಇರಲ್ಲ. ಇಷ್ಟೆಲ್ಲಾ ದಾಟ್ಕಂಡು ಮೀನು ಒಂದು ಕೇಜಿಗೆ ಬಂತು ಅನ್ನೋ ಹೊತ್ಗೆ ರಾತ್ರೋರಾತ್ರಿ ಬಲೆ ಹಾಕೋರು, ತೋಟೆ (ಸಿಡಿಮದ್ದು) ಹೊಡ್ಯೋರು, ವಿಷ ಹಾಕೋರು. ಎರಡು ವರ್ಷದ ಹಿಂದೆ ನಮ್ ಕೆರೇಲಿ ಬೆಳಿಗ್ಗೆ ಎದ್ದು ನೋಡುದ್ರೆ ತೂಬಿನ ಹತ್ರ ಬೆಳ್ಳಗೆ ಹೊಟ್ಟೆ ಮೇಲೆ ಮಾಡ್ಕಂಡು ತೇಲ್ತಿದ್ದೋ, ನಮ್ಮಪ್ಪ ಏರಿ ಮೇಲೆ ಕುಂತು ಅತ್ತುಬುಟ್ರು. ಅವತ್ತಿಂದ ಗೊತ್ತಿಲ್ದಿರೋ ಕಾರು ಕೆರೆ ಹತ್ರ ನಿಂತ್ರೆ ನಮ್ಗೆ ಎದೆ ಝಲ್ ಅಂತದೆ. ನಿಮ್ ತಂದೇರ ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡ್ಬೇಕಿತ್ತು, ಅದು ಅವರ ತಪ್ಪೇಯ, ಆದ್ರೆ ಕ್ವಾಪ ಎಲ್ಲಿಂದ ಬಂತು ಅಂತ ನಿಮ್ಗೆ ಗೊತ್ತಾಗ್ಲಿ ಅಂತ ಹೇಳ್ದೆ.

ಕೇಳೋದು ಕಷ್ಟ ಇಲ್ಲ. ಬೆಳಿಗ್ಗೆ ಆರು ಆರೂವರೆಗೆ ಕೆರೆ ಹತ್ರ ಹೋಗಿ, ತೆಪ್ಪದೋರು ಬಲೆ ಎತ್ಕಂಡು ದಡಕ್ಕೆ ಬರೋ ಹೊತ್ತು, ತಕ್ಕಡಿ ಮಡಗಿ ತೂಕ ಹಾಕ್ತಾ ಇರ್ತಾರೆ. ಅಲ್ಲೇ ಸಂಘದ ಸೆಕ್ರೆಟರಿನೋ ಗುತ್ತಿಗೆದಾರನೋ ಇರ್ತಾನೆ. "ಅಣ್ಣ, ನಮ್ ತಂದೆ ಗಾಳ ಹಾಕ್ಬೇಕು ಅಂತ ಆಸೆ ಪಡ್ತಾವ್ರೆ, ಒಂದ್ ಎರಡು ಗಂಟೆ ಕೂತ್ಕತೀವಿ" ಅಂತ ಕೇಳಿ, ಹತ್ತರಲ್ಲಿ ಎಂಟು ಜನ ಹೂಂ ಅಂತಾರೆ. ನಮ್ ಕೆರೇಲಿ ಒಂದು ಗಾಳಕ್ಕೆ ದಿನಕ್ಕೆ ನೂರು ರೂಪಾಯಿ ಇಸ್ಕತೀವಿ, ಸಿಕ್ಕಿದ್ರಲ್ಲಿ ಕಾಟ್ಲಾ ರೋಹು ಇದ್ರೆ ತೂಕ ಹಾಕಿ ರೇಟು ಕೊಟ್ಟು ತಗಂಡೋಗಿ ಅಂತೀವಿ. ಜಿಲೇಬಿ ಮೀನು ಎಷ್ಟು ಬೇಕಾದ್ರೂ ಹಿಡ್ಕಳಿ, ಅದ್ಕೆ ಲೆಕ್ಕ ಇಲ್ಲ. ಅವು ಬಾಯಲ್ಲೇ ಮರಿ ಇಟ್ಕಂಡು ಸಾಕ್ತವೆ, ಅದ್ಕೆ ಕೆರೆ ತುಂಬಾ ಅವೇ ಆಗೋಗವೆ. ಮೀಸೆ ಇರೋ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರೆ ಮಾತ್ರ ಅಯ್ಯೋ ಪಾಪ ಅಂತ ವಾಪಸ್ ಬುಡ್ಬೇಡಿ, ಅದುನ್ನ ಸಾಕೋದೇ ನಿಷೇಧ, ನಾವು ಬುಟ್ಟ ಮರಿ ಎಲ್ಲಾ ನುಂಗ್ತದೆ.

ಎರೆ ಬಗ್ಗೆ ನಿಮ್ ತಂದೇರಿಗೆ ಹೇಳೋ ಅಷ್ಟು ದೊಡ್ಡೋನಲ್ಲ, ಆದ್ರೂ ನಾವು ಮಾಡೋದು ಹಿಂಗೆ. ರಾತ್ರಿ ಮುದ್ದೆ ಉಳ್ಸಿ ಬೆಳಿಗ್ಗೆ ತಣ್ಣಗಾದ್ಮೇಲೆ ಕಡ್ಲೆಕಾಯಿ ಹಿಂಡಿ ಪುಡಿ ಮಾಡಿ ಸೇರ್ಸಿ ನಾದ್ಬೇಕು, ಕೈಗೆ ಅಂಟ್ಬಾರ್ದು, ಒಡೀಲೂ ಬಾರ್ದು. ಒಂದು ಉಂಡೆ ಲೋಟದ ನೀರಿಗೆ ಹಾಕಿ ನೋಡಿ, ಒಂದ್ ಬೀಡಿ ಸೇದೋ ಅಷ್ಟು ಹೊತ್ತು ಕರಗ್ದೆ ಕೂತ್ರೆ ಸರಿಯಾಗದೆ ಅಂತ. ಕೆರೆ ಅಂಚಲ್ಲಿ ಜೊಂಡು ಹತ್ರ ಕೆಂಪಗೆ ಸಣ್ಣ ಮರಿ ಗುಂಪು ಒಂದು ತಟ್ಟೆ ಅಗಲಕ್ಕೆ ಪುಳಪುಳ ಅಂತ ಮೇಲೆ ಕಾಣ್ಸುದ್ರೆ ಅದು ಕೊರವನ ಮರಿ, ಕೆಳಗೆ ತಾಯಿ ತಂದೆ ಎರಡೂ ಕಾವಲಿರ್ತವೆ. ಅಲ್ಲಿ ಗಾಳ ಹಾಕುದ್ರೆ ಕ್ವಾಪಕ್ಕೇ ಬಂದು ಕಚ್ತವೆ, ಸುಲಭವಾಗಿ ಸಿಕ್ತವೆ, ಆದ್ರೆ ಹಾಕ್ಬೇಡಿ. ದೊಡ್ಡದು ಹೋದ್ರೆ ಆ ತಟ್ಟೆ ಅಗಲದ ಮರಿ ಅಷ್ಟೂ ಸಾಯಂಕಾಲದೊಳಗೆ ಬೇರೆ ಮೀನಿನ ಹೊಟ್ಟೆ ಸೇರ್ತವೆ.

ಮಗೂನ ಕರ್ಕಂಡೋಗ್ತೀರ ಅಂದ್ರಲ್ಲ, ಇದೊಂದು ಗ್ಯಾಪ್ನ ಮಡಿಕಳಿ. ಈಗಿನ ಕೆರೆ ನಿಮ್ ತಂದೆ ಕಾಲದ ಕೆರೆ ಅಲ್ಲ. ಹೂಳೆತ್ತೀವಿ ಅಂತ ಜೇಸಿಬಿಲಿ ಎಲ್ಲಂದ್ರಲ್ಲಿ ಗುಂಡಿ ತೋಡವ್ರೆ, ಮೊಣಕಾಲುದ್ದ ನೀರಲ್ಲಿ ನಡ್ಕೊಂಡು ಹೋಗ್ತಾ ಇದ್ದಂಗೆ ಒಂದೇ ಹೆಜ್ಜೆಗೆ ಎರಡಾಳುದ್ದ ಆಯ್ತದೆ. ಊರ್ ಮಕ್ಳೇ ಹಿಂಗೆ ಹೋಗವೆ. ತೂಬು ತೆಗ್ದಿರೋ ಟೈಮಲ್ಲಿ ತೂಬಿನ ಹತ್ರ ದೋಣಿ ತರ್ಲೇಬೇಡಿ.

ಹಿನ್ನೀರು_ಸಾಗರ

ಮದ್ದೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಯಾಕ್ ಬಗ್ಗೆ ಮಾತ್ರ ಹೇಳ್ತೀನಿ, ಶರಾವತಿ ಹಿನ್ನೀರಲ್ಲಿ ಹದಿನೆಂಟು ವರ್ಷದಿಂದ ಹುಟ್ಟು ಹಾಕ್ತಾ ಇದೀನಿ.

ಮಾರಾಯ್ರೆ, ಗಾಳಿ ತುಂಬೋ ಕಯಾಕ್ ಒಳ್ಳೇದೇ, ಡಿಕ್ಕಿಲಿ ಹಾಕ್ಕೊಂಡು ಬರ್ಬೋದು, ಆದ್ರೆ ಅದು ನೀರಿನ ಮೇಲೆ ಎಲೆ ಇದ್ದ ಹಾಗೆ. ನೀರೊಳಗೆ ಇಳಿಯೋದು ಕಮ್ಮಿ, ಮೇಲೆ ಎತ್ತರ, ಗಾಳಿಗೆ ಸಿಕ್ಕಿದ್ರೆ ನೀವು ಹುಟ್ಟು ಹಾಕೋ ಕಡೆ ಹೋಗಲ್ಲ, ಗಾಳಿ ತಳ್ಳಿದ ಕಡೆ ಹೋಗುತ್ತೆ. ನಮ್ಮಲ್ಲಿ ಬೇಸಿಗೇಲಿ ಬೆಳಿಗ್ಗೆ ಏಳಕ್ಕೆ ನೀರು ಕನ್ನಡಿ ಥರ ಇರುತ್ತೆ, ಹನ್ನೊಂದು ಹನ್ನೆರಡರ ಮೇಲೆ ಗಾಳಿ ಏಳುತ್ತೆ, ಎರಡು ಗಂಟೆಗೆ ಬಿಳಿ ನೊರೆ ಅಲೆ. ಹೊಸಬರು ಮಾಡೋ ತಪ್ಪು ಏನು ಅಂದ್ರೆ ಬೆಳಿಗ್ಗೆ ಹಗುರಾಗಿ ಮೂರು ಕಿಲೋಮೀಟರ್ ಹೋಗ್ಬಿಡೋದು, ಊಟ ಮಾಡಿ ವಾಪಸ್ ಬರೋಣ ಅನ್ನೋ ಹೊತ್ತಿಗೆ ಗಾಳಿ ಎದುರಿಗೆ. ನಾನೂ ನನ್ನ ಭಾವನೂ ಒಂದ್ಸಲ ಹೀಗೇ ಸಿಕ್ಕಾಕೊಂಡು ಒಂದು ನಡುಗಡ್ಡೆ ಮೇಲೆ ಕತ್ತಲಾಗೋವರೆಗೂ ಕೂತಿದ್ವಿ, ಬಾಟ್ಲಿಲಿ ನೀರು ಮುಗಿದಿತ್ತು, ಫೋನಿಗೆ ಸಿಗ್ನಲ್ ಇಲ್ಲ, ಮನೇಲಿ ಅಕ್ಕ ದೇವರ ಮುಂದೆ ದೀಪ ಹಚ್ಚಿಟ್ಟು ಕೂತಿದ್ಲು. ಅಲ್ಲಿಂದ ಈಚೆಗೆ ನನ್ನ ಲೆಕ್ಕ ಒಂದೇ, ಹೋಗೋವಾಗ ಗಾಳಿಗೆ ಎದುರಾಗಿ ಹೋಗು, ಸುಸ್ತಾದ್ಮೇಲೆ ಗಾಳಿನೇ ಮನೆ ಕಡೆ ತರ್ಲಿ.

ಎರಡನೇದು ಮರದ ಬೊಡ್ಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಾಡು, ಊರು, ತೋಟ ಎಲ್ಲಾ ಹಾಗೇ ಮುಳುಗಿದ್ದು. ಈಗ ಕಾಣೋ ನಡುಗಡ್ಡೆ ಎಲ್ಲಾ ಆವಾಗಿನ ಗುಡ್ಡದ ನೆತ್ತಿ. ಅಣೆಕಟ್ಟಿನ ಪೂರ್ತಿ ಮಟ್ಟ 1819 ಅಡಿ, ಅದಕ್ಕಿಂತ ನೀರು ಇಳಿದ ಹಾಗೆಲ್ಲ ಅರವತ್ತು ವರ್ಷದ ಹಳೇ ಮರದ ಬೊಡ್ಡೆಗಳು ನೀರಿಗಿಂತ ಒಂದು ಗೇಣು ಕೆಳಗೆ ಈಟಿ ಥರ ನಿಂತಿರ್ತವೆ, ಮೇಲಿಂದ ಏನೂ ಕಾಣ್ಸಲ್ಲ. ರಬ್ಬರ್ ಕಯಾಕಿಗೆ ಅದೊಂದು ಸಾಕು. ಹಿನ್ನೀರು ಗೊತ್ತಿರೋ ಸ್ಥಳೀಯರು ಜೊತೆಗಿಲ್ದೆ ಏಪ್ರಿಲ್ ಮೇ ತಿಂಗಳಲ್ಲಿ ಇಳೀಬೇಡಿ. ನೀರು ತುಂಬಾ ಇಳಿದ ವರ್ಷ ಲಿಂಗನಮಕ್ಕಿಗೂ ಮುಂಚಿನ ಮಡೆನೂರು ಡ್ಯಾಮು, ಅದೇ ಹಿರೇಭಾಸ್ಕರ, ಪೂರ್ತಿ ಮೇಲೆ ಬರುತ್ತೆ, ನಿಮ್ಮ ತಂದೆಯವರನ್ನ ಅದನ್ನ ನೋಡೋಕಾದ್ರೂ ಕರ್ಕೊಂಡು ಬನ್ನಿ. ಸಿಗಂದೂರಿಗೆ 2025ರ ಜುಲೈನಿಂದ ಸೇತುವೆ ಆಗಿದೆ, ಮೊದಲಿನ ಹಾಗೆ ಲಾಂಚಿಗೆ ಕಾಯ್ಬೇಕಾಗಿಲ್ಲ. ಲಾಂಚಲ್ಲಿ ನಿಂತು ನೀರು ನೋಡ್ತಾ ಹೋಗೋದು ನಮಗೆಲ್ಲ ಅಭ್ಯಾಸ ಆಗಿತ್ತು, ಈಗ ಸೇತುವೆ ಮೇಲೆ ಎರಡೇ ನಿಮಿಷ. ಊರಿನ ಹೆರಿಗೆ ಕೇಸು, ಹಾರ್ಟ್ ಕೇಸುಗಳಿಗೆಲ್ಲ ಅದು ದೊಡ್ಡ ಉಪಕಾರ.

ಅನುಮತಿ ವಿಷಯಕ್ಕೆ ಬಂದ್ರೆ, ಹಿನ್ನೀರಿನ ಒಂದಷ್ಟು ಭಾಗ ಶರಾವತಿ ಅಭಯಾರಣ್ಯದೊಳಗೆ ಬರುತ್ತೆ, ಅಲ್ಲಿ ಸ್ವಂತ ದೋಣಿ ಇಳಿಸೋದು, ಗಾಳ ಹಾಕೋದು ಎರಡೂ ಇಲ್ಲ. ಹೊನ್ನೇಮರಡು ಕಡೆ ಬಹಳ ವರ್ಷದಿಂದ ದೋಣಿ, ತೆಪ್ಪ ಎಲ್ಲಾ ಶಿಸ್ತಾಗಿ ಕಲಿಸ್ತಾರೆ. ನಿಮ್ಮ ಥರ ಈಜು ಅಷ್ಟಕ್ಕಷ್ಟೆ ಇರೋರು ಮೊದಲು ಅಂಥ ಕಡೆ ಒಂದೆರಡು ದಿನ ಕಲ್ತು ಆಮೇಲೆ ಸ್ವಂತ ಕಯಾಕ್ ಬಿಚ್ಚಿ.

ಲೈಫ್ ಜಾಕೆಟ್ ಬಗ್ಗೆ ಒಂದೇ ಮಾತು, ದೋಣಿ ಒಳಗೆ ಇಟ್ಕೊಂಡ್ರೆ ಅದು ಇಲ್ದಿದ್ದ ಹಾಗೇ. ದಡದಲ್ಲೇ ಹಾಕ್ಕೊಂಡು ಪಟ್ಟಿ ಎಳೆದು ಬಿಗಿ ಮಾಡಿ, ಇನ್ನೊಬ್ಬರು ಭುಜದ ಹತ್ರ ಹಿಡಿದು ಮೇಲಕ್ಕೆ ಎತ್ತಿ ನೋಡ್ಬೇಕು, ಗದ್ದ ದಾಟಿ ಕಿವಿಗೆ ಬಂದ್ರೆ ಸೈಜು ದೊಡ್ಡದಾಯ್ತು ಅಂತ ಅರ್ಥ. ಮಗನಿಗೆ ಮಕ್ಕಳ ಸೈಜೇ ತಗೊಳ್ಳಿ, ಕಾಲ ಮಧ್ಯೆ ಪಟ್ಟಿ ಇರೋದು. ಇನ್ನೊಂದು ಕೆಲಸ ಮಾಡಿ, ಎದೆಮಟ್ಟ ನೀರಲ್ಲಿ ಬೇಕು ಅಂತಲೇ ಕಯಾಕ್ ಮಗುಚಿ ಹಾಕಿ ವಾಪಸ್ ಹತ್ತೋದು ಹತ್ತು ಸಲ ಪ್ರಾಕ್ಟೀಸ್ ಮಾಡಿ, 67 ವರ್ಷದವರಿಗೆ ಕೈ ಬಲ ಸಾಕಾಗುತ್ತಾ ಇಲ್ವಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಹಳೇ_ಗಾಳ

ಕಾವೇರಿ ಪ್ರಶ್ನೆ ನಾನು ತಗೋತೀನಿ, ಯಾಕಂದ್ರೆ ಕಾವೇರಿ ದಡದ ಗಲಿಬೋರೆ ಗಾಳದ ಕ್ಯಾಂಪಿಗೆ 2012ಕ್ಕೆ ಮುಂಚೆ ಆರೇಳು ವರ್ಷ ಸತತವಾಗಿ ಹೋಗಿದೀನಿ.

ನೇರವಾಗಿ ಹೇಳ್ಬೇಕು ಅಂದ್ರೆ ಭೀಮೇಶ್ವರಿ, ಗಲಿಬೋರೆ, ದೊಡ್ಡಮಾಕಳಿ ಈ ಮೂರೂ ಕಡೆ ಗಾಳ ನಿಂತುಹೋಗಿದೆ. ಅದು ಕಾವೇರಿ ವನ್ಯಜೀವಿ ಧಾಮ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಹಿಡಿದು ಬಿಡೋದೂ ಬೇಟೆ ಲೆಕ್ಕಕ್ಕೇ ಬರುತ್ತೆ. ಯಾರಾದ್ರೂ ಏಜೆಂಟ್ "ನಾನು ಅಡ್ಜಸ್ಟ್ ಮಾಡಿಸ್ತೀನಿ ಸಾರ್" ಅಂದ್ರೆ ನಂಬ್ಬೇಡಿ, ಕೇಸ್ ಬೀಳೋದು ನಿಮ್ಮ ಮೇಲೆ.

ಆ ದಿನಗಳನ್ನ ನೆನಪಿಸ್ಕೊಂಡ್ರೆ ಈಗಲೂ ಮೈ ಜುಂ ಅನ್ನುತ್ತೆ. ಕಿತ್ತಳೆ ಹಣ್ಣಿನಷ್ಟು ದಪ್ಪ ರಾಗಿ ಉಂಡೆ, ಅದನ್ನ ಬೇಯಿಸಿ ಗಾಳಕ್ಕೆ ಮೆತ್ತಿ, ಬಂಡೆ ಮಧ್ಯೆ ಹರಿಯೋ ನೀರಿಗೆ ಎಸೆದು, ದಾರಕ್ಕೆ ತೋರುಬೆರಳು ಕೊಟ್ಟು ಕೂರೋದು. ಸಣ್ಣ ಮೀನು ಕುಟುಕ್ತಾ ಇದ್ರೆ ಬೆರಳಿಗೆ ಇರುವೆ ಓಡಾಡಿದ ಹಾಗೆ, ದೊಡ್ಡದು ಬಂತು ಅಂದ್ರೆ ಆ ಇರುವೆ ಓಡಾಟ ನಿಂತುಹೋಗುತ್ತೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ರೀಲು ಕಿರುಚೋದು. ನಾನು ಹಿಡಿದ ಅತಿ ದೊಡ್ಡ ಮಹಶೀರ್ 38 ಪೌಂಡ್, ನೀರಿಂದ ಹೊರಗೆ ಎತ್ತಲಿಲ್ಲ, ಸೊಂಟದ ಮಟ್ಟ ನೀರಲ್ಲಿ ನಿಂತು ಎರಡು ಕೈಲಿ ಹೊಟ್ಟೆ ಕೆಳಗೆ ಆನಿಸ್ಕೊಂಡು ತಲೆ ಪ್ರವಾಹಕ್ಕೆ ಎದುರು ಮಾಡಿ ಹಿಡ್ಕೊಂಡಿದ್ದೆ. ಒಂದೊಂದು ಹುರುಪೆ ನನ್ನ ಅಂಗೈಯಷ್ಟು, ಅಂಚಲ್ಲಿ ಚಿನ್ನದ ಬಣ್ಣ. ಕಿವಿರು ಸರಿಯಾಗಿ ಆಡೋಕೆ ಶುರುವಾಗಿ ಅದೇ ಬಾಲ ಬೀಸಿ ಹೋಗೋವರೆಗೂ ಬಿಡಲಿಲ್ಲ. ನಮ್ಮ ಜೊತೆ ಇದ್ದ ಗಿಲ್ಲಿಗಳು, ಅಂದ್ರೆ ಗಾಳದವರಿಗೆ ಜೊತೆಯಾಗೋ ಊರಿನವರು, ಅವರಲ್ಲಿ ಕೆಲವರು ಮೊದಲು ತೋಟೆ ಹಾಕಿ ಮೀನು ಹಿಡೀತಿದ್ದವರೇ. ಈ ಕೆಲಸ ಸಿಕ್ಕ ಮೇಲೆ ಅವರೇ ಹೊಳೆಗೆ ಕಾವಲು. ಗಾಳ ನಿಂತಾಗ ಅವರ ಸಂಬಳವೂ ನಿಂತ್ಹೋಯ್ತು, ಅದು ನಂಗೆ ಇವತ್ತಿಗೂ ಸರಿ ಅನ್ಸಿಲ್ಲ.

ಅಲ್ಲಿ ಹಿಡಿದು ಬಿಟ್ಟ ಒಂದೊಂದು ಮೀನಿನ ತೂಕವನ್ನೂ ಕ್ಯಾಂಪಿನ ರಿಜಿಸ್ಟರಲ್ಲಿ ಬರೆದಿಡ್ತಿದ್ರು. 1998ರಿಂದ 2012ರವರೆಗಿನ ಆ ಲೆಕ್ಕವನ್ನೇ ವಿಜ್ಞಾನಿಗಳು ಕೂತು ನೋಡಿದಾಗ ಗೊತ್ತಾಗಿದ್ದು, ನೀಲಿ ರೆಕ್ಕೆ ಮಹಶೀರ್ ಹೆಚ್ತಾ ಹೋಗಿದೆ, ಕಾವೇರಿ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಕರಗ್ತಾ ಹೋಗಿದೆ ಅಂತ. ನೀಲಿ ರೆಕ್ಕೆಯದು ಕಾವೇರಿ ಮೂಲದ್ದಲ್ಲ, ಲೋನಾವಳದ ಹ್ಯಾಚರಿಯಲ್ಲಿ ಮರಿ ಮಾಡಿ ಎಪ್ಪತ್ತರ ದಶಕದಿಂದ ದೇಶದ ಎಷ್ಟೋ ನದಿಗಳಿಗೆ ಬಿಟ್ಟಿದ್ದು. ಒಳ್ಳೇದಾಗ್ಲಿ ಅಂತಲೇ ಬಿಟ್ಟಿದ್ದು, ಆಗಿದ್ದು ಹೀಗೆ. ಗೂನುಬೆನ್ನಿನದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ. ಅದೇ ವರ್ಷ ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ರು, ಅಂದ್ರೆ 54 ಕೇಜಿ, ಒಬ್ಬ ಆಳಿನ ತೂಕ. ಅಂಥ ಮೀನು ಇದ್ದ ಹೊಳೆ ಇದು.

ಇನ್ನು ಎಲ್ಲಿ ಹಾಕ್ಬೋದು ಅಂದ್ರೆ, ಕೊಡಗಲ್ಲಿ ವಾಲ್ನೂರು ಹತ್ರದ ಕಾವೇರಿಯಲ್ಲಿ ಕೊಡಗಿನ ವನ್ಯಜೀವಿ ಸಂಘದ ಪರ್ಮಿಟ್ ತಗೊಂಡು ಹಿಡಿದು ಬಿಡೋ ಪದ್ಧತಿ ಇತ್ತು, ಹೊರಡೋ ಮುಂಚೆ ಸಂಘದವರಿಗೇ ಫೋನ್ ಮಾಡಿ ಈಗಿನ ನಿಯಮ ಕೇಳ್ಕೊಳ್ಳಿ. ರಾಮನಾಥಪುರ, ಶೃಂಗೇರಿ, ಶಿಶಿಲ, ತೀರ್ಥಹಳ್ಳಿ ಹತ್ರದ ಚಿಪ್ಪಲಗುಡ್ಡೆ ಈ ಜಾಗಗಳಲ್ಲಿ ಇರೋದು ದೇವರ ಮೀನು, ಅಲ್ಲಿ ಮಂಡಕ್ಕಿ ಹಾಕಿ ನೋಡ್ಕೊಂಡು ಬನ್ನಿ ಅಷ್ಟೆ. ನಿಮ್ಮ ಮಗನಿಗೆ ಮಹಶೀರ್ ತೋರಿಸ್ಬೇಕು ಅಂದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಕಾಲ ಹತ್ರಾನೇ ಬರ್ತವೆ.

ಸಂಗಮ, ಮೇಕೆದಾಟು, ಮುತ್ತತ್ತಿ ಕಡೆ ಕಯಾಕ್ ಯೋಚ್ನೆನೇ ಬೇಡ. ಮೇಲೆ ಡ್ಯಾಮಿಂದ ನೀರು ಬಿಟ್ರೆ ಕೆಳಗೆ ಬಿಸಿಲು ಹೊಡೀತಿದ್ರೂ ಹೊಳೆ ಏರುತ್ತೆ. ನೀವು ಬಂದಾಗ ದಾಟಿದ ಬಂಡೆ ಹೋಗೋವಾಗ ಕಾಣ್ಸಲ್ಲ. ನೀರಿನಂಚಲ್ಲಿ ಒಂದು ಕಡ್ಡಿ ನೆಟ್ಟು ಹತ್ತು ನಿಮಿಷಕ್ಕೊಂದ್ಸಲ ನೋಡೋದು ಗಿಲ್ಲಿಗಳು ನಂಗೆ ಕಲಿಸಿದ್ದು, ಯಾವ ಹೊಳೆ ದಡದಲ್ಲಿ ಕೂತ್ರೂ ಮೊದಲು ಅದನ್ನ ಮಾಡ್ತೀನಿ.

ಗಂಗೊಳ್ಳಿ_ಗಾಣ

ಹ್ವಾಯ್, ಎಲ್ಲರೂ ಸಿಹಿ ನೀರಿನ ಬಗ್ಗೇನೇ ಹೇಳ್ತಿದ್ದೀರಿ, ನಮ್ಮ ಕುಂದಾಪ್ರ ಬದಿಗೂ ಬನ್ನಿ ಮಾರಾಯ್ರೆ. ಐದು ಹೊಳೆ ಸೇರೋ ಪಂಚಗಂಗಾವಳಿ ಇತ್ತು, ಸಾಲಿಗ್ರಾಮದ ಹತ್ರ ಕಾಂಡ್ಲಾ ಕಾಡಿನ ಮಧ್ಯೆ ಕಯಾಕಲ್ಲಿ ಕರ್ಕಂಡು ಹೋಗುವವರೂ ಇದ್ರ್, ಜಾಕೆಟ್ ಅವರೇ ಕೊಡ್ತ್ರ್. ಅಳಿವೆ ಬಾಗಿಲಿಗೆ ಮಾತ್ರ ಹೋಪುಕಾಗ, ಇಳಿತದ ಹೊತ್ತಿಗೆ ನೀರು ಸಮುದ್ರಕ್ಕೆ ಎಳೀತ್. ಭರತ ಇಳಿತದ ಟೈಮ್ ನೋಡ್ಕಂಡೇ ಇಳೀಕ್. ಭರತ ಏರುವ ಮೊದಲ ಎರಡು ಗಂಟೆ ಗಾಣ (ಗಾಳ) ಹಾಕುಕೆ ಲಾಯ್ಕ್, ಜೀವ ಸಿಗಡಿ ಎರೆ ಹಾಕಿದ್ರೆ ಕಾಣೆ ಮೀನು ಸಿಕ್ಕುತ್ತ್. ನಿಮ್ಮ ಅಪ್ಪಯ್ಯನಿಗೆ ಸೇತುವೆ ಹತ್ರ ಕಲ್ಲಿನ ಮೇಲೆ ಕೂತು ಹಾಕುವವರ ಜೊತೆ ಬಿಟ್ರೆ ಸಾಕ್, ಸಂಜೆ ತನಕ ಮಾತು ಮುಗೂದಿಲ್ಲ.

ಸುಮ್ನೆ_ಕೇಳ್ದೆ

ಒಂದು ಡೌಟು. ಹಿಡಿದು ವಾಪಸ್ ಬಿಡೋದು ಅಂದ್ರೆ ಮೀನಿಗೆ ನೋವು ಕೊಟ್ಟು ಖುಷಿ ಪಡೋದಲ್ವಾ? ತಿನ್ನೋಕೆ ಹಿಡಿಯೋದು ಅರ್ಥ ಆಗುತ್ತೆ. ಜಗಳಕ್ಕೆ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಹಳೇ_ಗಾಳ

ನ್ಯಾಯವಾದ ಪ್ರಶ್ನೆ. ನೋವೇ ಇಲ್ಲ ಅಂತ ನಾನು ಹೇಳಲ್ಲ. ನನ್ನ ಮಟ್ಟಿಗೆ ಹೇಳೋದಾದ್ರೆ ಕೆರೆಯ ಜಿಲೇಬಿ, ಕಾಟ್ಲಾ ಆದ್ರೆ ಹಿಡೀತೀನಿ, ತಿಂತೀನಿ, ಬೇಕಾದಷ್ಟೇ. ಅಪರೂಪದ ಮೀನು ಅಂತ ಗೊತ್ತಿರೋ ಕಡೆ ಈಗ ಗಾಳ ಹಾಕೋದೇ ಇಲ್ಲ. ಎಲ್ಲಾದ್ರೂ ಅಕಸ್ಮಾತ್ ಸಿಕ್ಕಿ ಬಿಡಲೇಬೇಕು ಅಂದ್ರೆ ಮುಳ್ಳಿಲ್ಲದ ಗಾಳ ಇರ್ಬೇಕು, ಇದ್ದ ಮುಳ್ಳನ್ನ ಇಕ್ಕಳದಲ್ಲಿ ಒತ್ತಿದ್ರೂ ಆಯ್ತು. ಕೈ ಒದ್ದೆ ಮಾಡ್ಕೊಂಡೇ ಮುಟ್ಬೇಕು, ಒಣ ಕೈಲಿ ಹಿಡಿದ್ರೆ ಅದರ ಮೈ ಮೇಲಿನ ಲೋಳೆ ಹೋಗಿ ಆಮೇಲೆ ಹುಣ್ಣಾಗುತ್ತೆ. ಫೋಟೋಗೆ ಅಂತ ದಡದ ಮಣ್ಣಲ್ಲಿ ಮಲಗಿಸಿ ಆಮೇಲೆ ನೀರಿಗೆ ಎಸೆಯೋದನ್ನ ನೋಡಿದ್ರೆ ನಂಗೂ ನಿಮ್ಮಷ್ಟೇ ಸಂಕಟ ಆಗುತ್ತೆ.

ಕೆರೆ_ಕೋಡಿ (ಮದ್ದೂರು)

ನಮ್ ಕಡೆ ಬುಡೋ ಪದ್ಧತಿ ಇಲ್ಲ, ಹಿಡಿದ್ರೆ ಸಾರಿಗೇಯ. ಆದ್ರೆ ಜೂನ್ ಜುಲೈಲಿ ಮೊಟ್ಟೆ ಹೊತ್ಕಂಡು ಹೊಸ ನೀರಿಗೆ ಎದುರು ಹತ್ತೋ ಮೀನು ಹಿಡಿಯೋದು ಬ್ಯಾಡ ಅಂತ ನಾವೂ ಹೇಳ್ತೀವಿ. ಮಲೆನಾಡಲ್ಲಿ ಹತ್ತುಮೀನು ಅಂತಾರಲ್ಲ ಅದು. ಹೊಟ್ಟೆ ಒತ್ತುದ್ರೆ ಮೊಟ್ಟೆ ಸುರೀತದೆ, ಅದುನ್ನ ಹೆಂಗೆ ಕುಯ್ಯಕ್ಕೆ ಮನಸ್ಸು ಬತ್ತದೋ.

ಹಿನ್ನೀರು_ಸಾಗರ

ಹೌದು, ನಮ್ಮಲ್ಲಿ ಮೊದಲ ಮಳೆಗೆ ಕೂಣಿ (ಮೀನು ಸಿಕ್ಕಿಸೋ ಬುಟ್ಟಿ) ಇಡೋರು, ರಾತ್ರಿ ಲೈಟು ಹಿಡಿದು ಗದ್ದೆ ಹಳ್ಳದಲ್ಲಿ ಕಡಿಯೋರು ಇನ್ನೂ ಇದಾರೆ. ನಾನೂ ಹುಡುಗನಿದ್ದಾಗ ಹೋಗಿದೀನಿ, ಆವಾಗ ಚೀಲಗಟ್ಲೆ ಸಿಗ್ತಿತ್ತು. ಈಗ ಅದೇ ಹಳ್ಳದಲ್ಲಿ ರಾತ್ರಿಯಿಡೀ ನಿಂತ್ರೂ ಒಂದು ಸಾರಿಗಾಗೋ ಅಷ್ಟು ಬರಲ್ಲ.

ಮಳವಳ್ಳಿ_ಮಗ

ಮೂರು ವಾರ ಆಯ್ತು, ಅಪ್‌ಡೇಟ್ ಕೊಡೋಣ ಅಂತ ಬಂದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಿಮ್ಮ ಉತ್ತರ ಎಲ್ಲಾ ಅಪ್ಪಂಗೆ ಓದಿ ಹೇಳ್ದೆ. ಮದ್ದೂರಿನ ಅಣ್ಣ ಬರೆದಿದ್ದು ಕೇಳಿ "ಅವರ ತಂದೆ ಅತ್ತರಂತಾ?" ಅಂತ ಎರಡು ಸಲ ಕೇಳಿದ್ರು, ಆಮೇಲೆ "ನಾವೇ ಕೇಳಿ ಹಾಕ್ಬೇಕಿತ್ತು ಕಣಪ್ಪ" ಅಂದ್ರು.

ಮೊನ್ನೆ ಭಾನುವಾರ ಅದೇ ಕೆರೆಗೆ ಹೋದ್ವಿ. ಅಪ್ಪನೇ ಹಟ ಹಿಡಿದ್ರು, ಬೇರೆ ಕೆರೆ ಬೇಡ ಅಂತ. ಆರು ಗಂಟೆಗೆ ತಲುಪಿದ್ವಿ, ತೆಪ್ಪ ಎರಡು ದಡಕ್ಕೆ ಬರ್ತಿತ್ತು, ತಕ್ಕಡಿ ಹತ್ರ ಹೋಗಿ ಅಪ್ಪನೇ ಮಾತಾಡಿದ್ರು. ಹೋದ್ಸಲ ಬೈಕಲ್ಲಿ ಬಂದಿದ್ದೋರಲ್ಲಿ ಒಬ್ಬರು ಅಲ್ಲೇ ಇದ್ರು, ಗುರ್ತು ಸಿಕ್ಕಿ ಸ್ವಲ್ಪ ಹೊತ್ತು ಮುಖ ಆ ಕಡೆ ಮಾಡ್ಕೊಂಡ್ರು. ಅಪ್ಪ ಯಾವ ಊರು, ಯಾರ ಮನೆ ಅಂತ ಶುರು ಮಾಡಿ ಹತ್ತು ನಿಮಿಷದಲ್ಲಿ ಇಬ್ಬರಿಗೂ ಗೊತ್ತಿರೋ ಒಂದು ಮದುವೆ ಸಂಬಂಧ ಹುಡುಕಿ ತೆಗೆದ್ರು! ದುಡ್ಡು ಬೇಡ ಅಂದ್ರು, ಅಪ್ಪ ಬಿಡ್ಲಿಲ್ಲ, ಎರಡು ಗಾಳಕ್ಕೆ ಇನ್ನೂರು ಕೊಟ್ರು. ಬಿಸಿಲು ಬೀಳದ ಕಡೆ, ಗುಂಡಿ ಇಲ್ಲದ ಕಡೆ ಅವರೇ ಜಾಗ ತೋರಿಸಿದ್ರು.

ಮಗನಿಗೆ ಜಾಕೆಟ್ ಹಾಕಿ ಭುಜ ಹಿಡಿದು ಎತ್ತಿ ನೋಡ್ದೆ, ಮೊದಲು ತಗೊಂಡಿದ್ದು ಕಿವಿಗೆ ಬಂತು, ವಾಪಸ್ ಕೊಟ್ಟು ಚಿಕ್ಕದು ತರಿಸಿದ್ದೆ. ಕಯಾಕ್ ಇಳಿಸ್ಲಿಲ್ಲ, ನಾನು ಈಜು ಕ್ಲಾಸಿಗೆ ಸೇರಿದೀನಿ, ಅದಾದ್ಮೇಲೆ ಹೊನ್ನೇಮರಡು.

ಅಪ್ಪ ಹೊಸ ರಾಡು ನನ್ನ ಕೈಗೆ ಕೊಟ್ಟು ತಾವು ಒಂದು ಬಿದಿರು ಕಡ್ಡಿಗೆ ದಾರ ಕಟ್ಕೊಂಡು ಮಗನ ಪಕ್ಕ ಕೂತ್ರು. ನವಿಲುಗರಿ ದಂಟು ಎಲ್ಲಿಂದ ತಂದ್ರೋ ಗೊತ್ತಿಲ್ಲ. ಮುದ್ದೆಗೆ ಹಿಂಡಿ ಸೇರಿಸಿ ಹಿಂದಿನ ರಾತ್ರಿ ಲೋಟದ ನೀರಲ್ಲಿ ಹಾಕಿ ನೋಡಿದ್ರು, ಅಮ್ಮ ಬೈದ್ರು. ಏಳೂವರೆ ಹೊತ್ತಿಗೆ ದಂಟು ಎರಡು ಸಲ ನಡುಗ್ತು, ಮಗ ಎಳೆಯೋಕೆ ಹೋದ, ಅಪ್ಪ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು "ಈಗಲ್ಲ, ಮಲಗುತ್ತೆ ನೋಡು" ಅಂದ್ರು. ದಂಟು ನಿಧಾನಕ್ಕೆ ನೀರಿನ ಮೇಲೆ ಮಲಗ್ತು, ಒಂದು ಗೇಣು ಪಕ್ಕಕ್ಕೆ ಹೋಯ್ತು, ಮುಳುಗ್ತು. "ಹೂಂ" ಅಂದ್ರು. ಅಂಗೈ ಉದ್ದದ ಜಿಲೇಬಿ, ಬಿಸಿಲಿಗೆ ಮಿರಮಿರ ಅಂತಿತ್ತು. ಆಮೇಲೆ ಒಂಬತ್ತೂವರೆವರೆಗೆ ಒಟ್ಟು ಹದಿಮೂರು ಸಿಕ್ತು, ಅದರಲ್ಲಿ ನಂದು ಒಂದೇ.

ಮನೇಲಿ ಅಮ್ಮ ಹುಣಸೆಹುಳಿ ಬಿಟ್ಟು ಸಾರು ಮಾಡಿದ್ರು. ಅಪ್ಪ ವಾಪಸ್ ಬರೋವಾಗ ಬಿಡದಿ ಏನು, ಕೆಂಗೇರಿ ದಾಟಿದ್ರೂ ಮಾತು ನಿಲ್ಲಿಸಿರ್ಲಿಲ್ಲ.

ಗಂಗೊಳ್ಳಿಯವರೇ, ಡಿಸೆಂಬರ್ ರಜೆಗೆ ನಿಮ್ಮ ಕಡೆ ಬರೋಣ ಅಂತ ಅಪ್ಪ ಆಗ್ಲೇ ಹೇಳ್ತಿದಾರೆ. ಜೀವ ಸಿಗಡಿ ಅಲ್ಲೇ ಸಿಗುತ್ತಾ, ಎಷ್ಟು ಹೊತ್ತಿಗೆ ಬಂದು ಕೇಳ್ಬೇಕು?

ಗಂಗೊಳ್ಳಿ_ಗಾಣ

ಸಿಕ್ಕುತ್ತ್. ಬೆಳಿಗ್ಗೆ ಹೊಳೆ ಬದಿ ಬಲೆ ಬೀಸುವವರ ಹತ್ರ ಕೇಣಿ, ಒಂದು ಬಕೆಟ್ ನೀರು ನಿಮ್ದೇ ತನ್ನಿ, ಆ ಹೊಳೆ ನೀರೇ ಹಾಕಿ ಇಟ್ಕಣಿ, ನಲ್ಲಿ ನೀರು ಹಾಕಿದ್ರೆ ಸಾಯ್ತ್. ಬಪ್ಪ ಮೊದ್ಲು ಇಲ್ಲಿ ಮೆಸೇಜ್ ಹಾಕಿ, ಆ ದಿನದ ಭರತದ ಟೈಮ್ ಹೇಳ್ತೆ.